ಸಂತ ಅಗಸ್ಟೀನನ ‘ಕನ್ಫೆಷನ್ಸ್’: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಪುಸ್ತಕ, ಎಷ್ಟು ಹಳೆಯದು?

ಕ್ರಿ.ಶ. 397ರಿಂದ 400ರ ಆಸುಪಾಸಿನಲ್ಲಿ, ಉತ್ತರ ಆಫ್ರಿಕದ ಹಿಪ್ಪೊ ಎಂಬ ಬಂದರು ಪಟ್ಟಣದ ಬಿಷಪ್ ಅಗಸ್ಟೀನ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ಕೃತಿ. ಒಟ್ಟು 13 ಭಾಗಗಳಿವೆ. ಆ ಕಾಲದ ರೂಢಿಯಂತೆ ಒಂದೊಂದು ಭಾಗವನ್ನೂ ‘ಪುಸ್ತಕ’ ಎಂದೇ ಕರೆಯುತ್ತಾರೆ. ಅಳತೆಯಲ್ಲಿ ಅದು ಈಗಿನ ಒಂದು ದೀರ್ಘ ಅಧ್ಯಾಯದಷ್ಟು. ಮೊದಲ ಒಂಬತ್ತರಲ್ಲಿ ಹುಟ್ಟಿನಿಂದ 33ನೆಯ ವಯಸ್ಸಿನವರೆಗಿನ ಬದುಕು, ಹತ್ತನೆಯದರಲ್ಲಿ ಬರೆಯುತ್ತಿರುವ ಹೊತ್ತಿನ ಮನಸ್ಸು, ಕೊನೆಯ ಮೂರರಲ್ಲಿ ಕಾಲ, ಸೃಷ್ಟಿ ಮತ್ತು ಬೈಬಲಿನ ಆದಿಕಾಂಡದ ಆರಂಭದ ಸಾಲುಗಳ ವಿಚಾರ. ಬರೆಯಲು ತೊಡಗಿದಾಗ ಅವನಿಗೆ ನಲವತ್ತು ದಾಟಿತ್ತು.

ಇದನ್ನು ಆತ್ಮಚರಿತ್ರೆ ಎನ್ನಬಹುದೇ?

ಎನ್ನಬಹುದು. ಆದರೆ ಇಂದಿನ ಆತ್ಮಚರಿತ್ರೆಗಳ ನಿರೀಕ್ಷೆ ಇಟ್ಟುಕೊಂಡು ತೆರೆದರೆ ಮೊದಲ ಪುಟದಲ್ಲೇ ತಬ್ಬಿಬ್ಬಾಗುತ್ತೀರಿ. ಹುಟ್ಟಿದ ಊರು, ಮನೆತನ, ತಂದೆತಾಯಿಯರ ಹೆಸರು ಯಾವುದೂ ಅಲ್ಲಿಲ್ಲ. ‘ಪ್ರಭುವೇ, ನೀನು ದೊಡ್ಡವನು’ ಎಂದು ಬೈಬಲಿನ ಕೀರ್ತನೆಯ ಮಾತಿನಿಂದ ಶುರುವಾಗುವ ಸಂಭಾಷಣೆ ಕೊನೆಯ ಪುಟದವರೆಗೂ ದೇವರೊಂದಿಗೇ ಸಾಗುತ್ತದೆ. ನಮ್ಮನ್ನು ನೋಡಿ ಮಾತನಾಡುವುದು ಅಪರೂಪ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು.

ಎಲ್ಲ ಬಲ್ಲ ದೇವರಿಗೆ ಇದನ್ನೆಲ್ಲ ವಿವರಿಸುವುದೇಕೆ ಎಂಬ ಅನುಮಾನ ಸಹಜ. ಹತ್ತನೆಯ ಪುಸ್ತಕದಲ್ಲಿ ಅವನೇ ಅದನ್ನು ಎತ್ತಿಕೊಳ್ಳುತ್ತಾನೆ. ಮನುಷ್ಯರು ಪರರ ಬದುಕನ್ನು ತಿಳಿಯಲು ಎಷ್ಟು ಕುತೂಹಲಿಗಳೋ ತಮ್ಮದನ್ನು ತಿದ್ದಿಕೊಳ್ಳಲು ಅಷ್ಟೇ ಸೋಮಾರಿಗಳು ಎಂದು ಒಂದು ಚುಚ್ಚು ಕೊಟ್ಟು, ಹಾಗಿದ್ದರೂ ಪ್ರೀತಿಯಿಂದ ಕೇಳುವವರಿಗಾಗಿ ಹೇಳುತ್ತೇನೆ ಎನ್ನುತ್ತಾನೆ. ನನ್ನ ಮಟ್ಟಿಗೆ ಇಡೀ ಕೃತಿಯ ಬೀಗದ ಕೈ ಬೇರೆ ಕಡೆ ಇದೆ. ‘ನನಗೆ ನಾನೇ ಒಂದು ಪ್ರಶ್ನೆಯಾದೆ’ ಎಂಬ ಮಾತನ್ನು ಅವನು ಎರಡು ಕಡೆ ಆಡುತ್ತಾನೆ. ಒಮ್ಮೆ ಯೌವನದಲ್ಲಿ ಗೆಳೆಯ ಸತ್ತಾಗಿನ ದುಃಖವನ್ನು ಹೇಳುವಾಗ, ಇನ್ನೊಮ್ಮೆ ಬಿಷಪ್ ಆದ ಮೇಲಿನ ತನ್ನ ಸ್ಥಿತಿಯನ್ನು ಹೇಳುವಾಗ. ಮತಾಂತರಕ್ಕೆ ಮುಂಚೆಯೂ ಪ್ರಶ್ನೆ, ಆಮೇಲೂ ಪ್ರಶ್ನೆ. ಹಾಗಾಗಿ ಇದನ್ನು ದಾರಿ ತಪ್ಪಿದವನೊಬ್ಬ ದಾರಿಗೆ ಬಂದ ವಿಜಯಗಾಥೆಯೆಂದು ಓದುವವರು ಅರ್ಧವನ್ನೇ ಓದಿದ್ದಾರೆ ಎಂದು ನನಗನ್ನಿಸುತ್ತದೆ.

ಅಗಸ್ಟೀನ ಯೂರೋಪಿನವನಲ್ಲವೇ?

ಅಲ್ಲ. ಚರ್ಚಿನ ಚಿತ್ರಪಟಗಳಲ್ಲಿ ಅವನಿಗೆ ಇಟಲಿಯ ಬಿಷಪ್ಪನ ವೇಷ ತೊಡಿಸಿ ಶತಮಾನಗಳಾಗಿವೆ, ಅದರಿಂದ ಬಂದ ಕಲ್ಪನೆ. ಅವನು 354ರ ನವೆಂಬರ್ 13ರಂದು ಹುಟ್ಟಿದ್ದು ತಗಾಸ್ತೆಯಲ್ಲಿ. ಈಗ ಅದು ಅಲ್ಜೀರಿಯದ ಸೂಕ್ ಅಹ್ರಾಸ್. ಹಿಪ್ಪೊ ಎಂದರೆ ಅದೇ ದೇಶದ ಇಂದಿನ ಅನ್ನಾಬ. ರೋಮನ್ ಸಾಮ್ರಾಜ್ಯದ ಆಫ್ರಿಕದಲ್ಲಿ ಹುಟ್ಟಿ, ಕಾರ್ಥೇಜಿನಲ್ಲಿ ಓದಿ, ಐದು ವರ್ಷದಷ್ಟು ಕಾಲ ಇಟಲಿಯಲ್ಲಿದ್ದು ಮತ್ತೆ ಊರಿಗೆ ಮರಳಿದವನು. ಅವನ ಲ್ಯಾಟಿನ್ ಉಚ್ಚಾರಣೆಯಲ್ಲಿ ಇಟಲಿಯವರು ತಪ್ಪು ಹುಡುಕುತ್ತಿದ್ದರು ಎಂದು ಅವನೇ ಇನ್ನೊಂದು ಕಡೆ ಬರೆದಿದ್ದಾನೆ. ಸಾಮ್ರಾಜ್ಯದ ಅತ್ಯುತ್ತಮ ವಾಗ್ಮಿಗಳಲ್ಲಿ ಒಬ್ಬನಿಗೂ ಊರಿನ ರಾಗ ಬಿಟ್ಟಿರಲಿಲ್ಲ.

ಇಷ್ಟು ದೊಡ್ಡ ಬಿಷಪ್ ತನ್ನ ಹಳೆಯದನ್ನೆಲ್ಲ ಕೆದಕಿದ್ದೇಕೆ?

ಆಗ ಅವನಿನ್ನೂ ದೊಡ್ಡ ಬಿಷಪ್ ಆಗಿರಲಿಲ್ಲ, ಹೊಸ ಬಿಷಪ್ ಆಗಿದ್ದ. 391ರಲ್ಲಿ ಹಿಪ್ಪೊಗೆ ಬಂದವನನ್ನು ಅಲ್ಲಿನ ಜನ ಹಿಡಿದು, ಅವನು ಅಳುತ್ತಿದ್ದರೂ ಬಿಡದೆ, ಗುರುಪಟ್ಟಕ್ಕೆ ಒಪ್ಪಿಸಿದ್ದರು. ನಾಲ್ಕೈದು ವರ್ಷದಲ್ಲಿ ಬಿಷಪ್ ಪದವಿಯೂ ಬಂತು. ಆದರೆ ಒಂದು ಕಾಲಕ್ಕೆ ಇವನು, ಚರ್ಚು ತಳ್ಳಿಹಾಕಿದ್ದ ಮಾನಿ ಎಂಬ ಬೋಧಕನ ಪಂಥದವನಾಗಿದ್ದ (ಅದರ ವಿಚಾರ ಮುಂದಿದೆ) ಎಂಬುದು ಎಲ್ಲರಿಗೂ ಗೊತ್ತಿತ್ತು. ಉತ್ತರ ಆಫ್ರಿಕದ ನುಮಿಡಿಯ ಪ್ರಾಂತ್ಯದ ಹಿರಿಯ ಬಿಷಪ್ ಮೆಗಾಲಿಯಸ್ ಮೊದಲು ಇವನ ಮೇಲೆ ಸಂಶಯ ವ್ಯಕ್ತಪಡಿಸಿ ಆಮೇಲೆ ಹಿಂತೆಗೆದುಕೊಂಡಿದ್ದ. ಆಫ್ರಿಕದ ಚರ್ಚಿನಿಂದ ಸಿಡಿದು ನಿಂತಿದ್ದ ಎದುರು ಬಣದ ಡೊನಾಟಿಸ್ಟರು ಆ ಸಂಶಯವನ್ನು ವರ್ಷಗಟ್ಟಲೆ ಬಳಸಿಕೊಂಡರು. ಇನ್ನೊಂದು ಕಡೆಯಿಂದ ನೋಲದ ಪೌಲಿನಸ್ ಎಂಬ ಶ್ರೀಮಂತ ಸಾಧಕ, ಅಗಸ್ಟೀನನ ಗೆಳೆಯ ಅಲಿಪಿಯಸ್‌ಗೆ ಪತ್ರ ಬರೆದು ಆ ಅಲಿಪಿಯಸ್‌ನದೇ ಜೀವನದ ಕತೆ ಕೇಳಿದ್ದ. ಕೃತಿಯ ಬೀಜ ಅಲ್ಲಿದೆ ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ.

ಅದೇ 397ರಲ್ಲಿ ಮೂಲವ್ಯಾಧಿಯಿಂದ ನಡೆಯಲೂ ನಿಲ್ಲಲೂ ಕೂರಲೂ ಆಗದೆ ಮಲಗಿದ್ದೇನೆ ಎಂದು ಅವನು ಬರೆದ ಪತ್ರವೊಂದು ಉಳಿದಿದೆ. ಮೇರುಕೃತಿಗಳ ಹುಟ್ಟಿನ ಬಗ್ಗೆ ಉದಾತ್ತವಾದ ಕಾರಣಗಳನ್ನಷ್ಟೇ ಹುಡುಕುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಕ್ರೈಸ್ತರಲ್ಲದವರು ಓದಬಹುದೇ?

ಧಾರಾಳವಾಗಿ. ದೇವರನ್ನೇ ನಂಬದವರೂ ಓದುತ್ತಾರೆ. ಮಕ್ಕಳು ಮಾತು ಕಲಿಯುವುದು ಹೇಗೆ ಎಂದು ಮೊದಲ ಪುಸ್ತಕದಲ್ಲಿ ಅವನು ಹೇಳಿದ್ದನ್ನು 20ನೆಯ ಶತಮಾನದ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ತನ್ನ ಮುಖ್ಯ ಗ್ರಂಥವೊಂದರ ಮೊದಲಲ್ಲೇ ಉಲ್ಲೇಖಿಸಿ, ಅದರೊಡನೆ ವಾದಕ್ಕಿಳಿಯುತ್ತಾನೆ.

ನಾಲ್ಕು ಪೇರ್ ಹಣ್ಣು ಕದ್ದದ್ದಕ್ಕೆ ಅಷ್ಟು ಪುಟಗಳ ಪಶ್ಚಾತ್ತಾಪವೇ?

ಎಲ್ಲರೂ ನಗುವುದು ಇಲ್ಲೇ. ಪ್ರಸಂಗ ಹೀಗಿದೆ. ಅವನಿಗೆ 16 ವರ್ಷ. ಮದೌರದಲ್ಲಿ ಓದುತ್ತಿದ್ದವನನ್ನು ಹಣವಿಲ್ಲದೆ ತಂದೆ ಊರಿಗೆ ಕರೆಸಿಕೊಂಡಿದ್ದಾನೆ. ಕಾರ್ಥೇಜಿಗೆ ಕಳಿಸಲು ಹಣ ಕೂಡಿಸಬೇಕು. ಕೆಲಸವಿಲ್ಲ, ಕಾರ್ಯವಿಲ್ಲ. ತಮ್ಮ ದ್ರಾಕ್ಷಿ ತೋಟದ ಪಕ್ಕದಲ್ಲಿ ಒಂದು ಪೇರ್ ಮರ. ರಾತ್ರಿ ಹುಡುಗರ ಗುಂಪು ನುಗ್ಗಿ ಮರವನ್ನು ಅಲುಗಿಸಿ ಹೊರೆಗಟ್ಟಲೆ ಹಣ್ಣು ಹೊತ್ತು ತರುತ್ತದೆ. ನೋಡಲೂ ಚೆನ್ನಾಗಿಲ್ಲ, ರುಚಿಯೂ ಇಲ್ಲ. ಒಂದೆರಡು ಕಚ್ಚಿ ಉಳಿದದ್ದನ್ನೆಲ್ಲ ಹಂದಿಗಳಿಗೆ ಎಸೆಯುತ್ತಾರೆ. ಅವನ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣುಗಳಿದ್ದವು.

ಕದ್ದ ಪ್ರಮಾಣ ಅವನಿಗೆ ಮುಖ್ಯವಲ್ಲ. ಹಸಿವಿನಿಂದ ಕದ್ದರೆ ಅರ್ಥವಾಗುತ್ತದೆ, ದುರಾಸೆಗೆ ಕದ್ದರೂ ಅರ್ಥವಾಗುತ್ತದೆ, ಸೇಡಿಗಾಗಿ ಕೊಲೆ ಮಾಡಿದವನಿಗೂ ಒಂದು ಕಾರಣವಿರುತ್ತದೆ. ನಾನು ಏನನ್ನು ಬಯಸಿ ಕದ್ದೆ? ಒಂದೊಂದೇ ಉತ್ತರವನ್ನು ಮುಂದಿಟ್ಟು ತಳ್ಳಿಹಾಕುತ್ತಾ ಹೋಗುತ್ತಾನೆ. ಕೊನೆಗೆ ಸಿಗುವ ಸುಳಿವು ಬಹಳ ಸಣ್ಣದು, ಆದರೆ ಗಟ್ಟಿ: ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ. ‘ಹೋಗೋಣ, ಮಾಡೋಣ’ ಎಂದು ಗೆಳೆಯರು ಅಂದಾಗ, ನಾಚಿಕೆಗೇಡಿಯಾಗದೆ ಇರುವುದೇ ನಾಚಿಕೆಯ ವಿಷಯವಾಗಿಬಿಡುತ್ತದೆ. ಕಾಲೇಜು ಹಾಸ್ಟೆಲುಗಳಲ್ಲಿ ರ‍್ಯಾಗಿಂಗ್ ಏಕೆ ನಡೆಯುತ್ತದೆ ಎಂದು ತಿಳಿಯಬೇಕಾದವರು ಎರಡನೆಯ ಪುಸ್ತಕದ ಕೊನೆಯ ಪುಟಗಳನ್ನು ಓದಬೇಕು.

ಮಾನಿಯ ಪಂಥ ಎಂದರೇನು? ಬುದ್ಧಿವಂತನೊಬ್ಬ ಒಂಬತ್ತು ವರ್ಷ ಅಲ್ಲೇಕೆ ಇದ್ದ?

ಮಾನಿ 3ನೆಯ ಶತಮಾನದವನು, 216ರಲ್ಲಿ ಮೆಸೊಪೊಟೇಮಿಯದಲ್ಲಿ ಹುಟ್ಟಿದವನು. ಬೆಳಕು ಮತ್ತು ಕತ್ತಲೆ ಎಂಬ ಎರಡು ಅನಾದಿ ಶಕ್ತಿಗಳ ಕಾದಾಟವೇ ಜಗತ್ತು ಎಂಬುದು ಅವನ ಬೋಧನೆ. ತನಗಿಂತ ಮುಂಚಿನ ದೇವದೂತರೆಂದು ಜರತುಷ್ಟ್ರ ಮತ್ತು ಯೇಸುವಿನ ಜೊತೆ ಬುದ್ಧನನ್ನೂ ಹೆಸರಿಸಿದ್ದಾನೆ, ಭಾರತದ ಕಡೆಗೂ ಪ್ರಯಾಣ ಮಾಡಿದ್ದಾನೆ. ಪಂಥದಲ್ಲಿ ಎರಡು ದರ್ಜೆ. ‘ಆಯ್ದವರು’ ಮಾಂಸ, ಮದ್ಯ, ಮದುವೆ ಎಲ್ಲ ಬಿಟ್ಟವರು, ಗಿಡದಿಂದ ಹಣ್ಣು ಕೀಳುವುದೂ ಅವರಿಗೆ ಹಿಂಸೆ. ‘ಕೇಳುಗರು’ ಸಂಸಾರಿಗಳು, ಆಯ್ದವರಿಗೆ ಊಟ ಒದಗಿಸುವವರು. ಅಗಸ್ಟೀನ ಕೇಳುಗನಾಗಿದ್ದ.

ಹಿಡಿದಿಟ್ಟದ್ದು ಒಂದೇ ಪ್ರಶ್ನೆ: ಕೆಡುಕು ಎಲ್ಲಿಂದ ಬಂತು? ದೇವರು ಒಳ್ಳೆಯವನಾದರೆ ಇದೆಲ್ಲ ಏಕೆ? ಕೆಡುಕಿಗೆ ಬೇರೊಂದು ಮೂಲವೇ ಇದೆ ಎಂಬ ಉತ್ತರದಲ್ಲಿ ಒಂದು ಸೌಕರ್ಯವೂ ಇತ್ತು, ಅದನ್ನು ಆಮೇಲೆ ಅವನೇ ಬಯಲು ಮಾಡುತ್ತಾನೆ: ಪಾಪ ಮಾಡಿದ್ದು ನಾನಲ್ಲ, ನನ್ನೊಳಗಿನ ಇನ್ನೇನೋ ಎಂದುಕೊಂಡು ಹಾಯಾಗಿರಬಹುದಿತ್ತು. ಅನುಮಾನಗಳು ಬೆಳೆದಾಗ ಪಂಥದವರು ‘ಫೌಸ್ಟಸ್ ಬರಲಿ, ಎಲ್ಲ ಬಗೆಹರಿಸುತ್ತಾನೆ’ ಎನ್ನುತ್ತಿದ್ದರು. ಫೌಸ್ಟಸ್ ಬಂದ. ಮಾತು ಸೊಗಸು, ಮನುಷ್ಯ ಸಜ್ಜನ, ತಲೆಯಲ್ಲಿ ಸರಕು ಕಡಿಮೆ. ಗ್ರಹಗತಿಗಳ ಲೆಕ್ಕ ತನಗೆ ತಿಳಿಯದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡುಬಿಟ್ಟ. ಅಗಸ್ಟೀನನಿಗೆ ಅವನ ಮೇಲೆ ಪ್ರೀತಿ ಹೆಚ್ಚಿತು, ಪಂಥದ ಮೇಲಿನ ಭರವಸೆ ಅಲ್ಲಿಗೆ ಮುಗಿಯಿತು.

ಮಗನ ತಾಯಿಯಾದ ಆ ಹೆಣ್ಣಿಗೆ ಹೆಸರೇಕಿಲ್ಲ?

ಪುಸ್ತಕದಲ್ಲಿ ನನಗೆ ಎಷ್ಟು ಸಲ ಓದಿದರೂ ಸಮಾಧಾನವಾಗದ ಭಾಗವಿದು. ಕಾರ್ಥೇಜಿನಲ್ಲಿ ಓದುವಾಗಲೇ ಒಬ್ಬಳೊಡನೆ ಸಂಸಾರ ಹೂಡಿದ. ಮದುವೆಯಲ್ಲ, ಆದರೆ ರೋಮನ್ ಸಮಾಜ ಒಪ್ಪುತ್ತಿದ್ದ ಸಂಬಂಧ. ಅದೆಯೊದಾತಸ್ ಎಂಬ ಮಗ ಹುಟ್ಟಿದ. ಹದಿನೈದು ವರ್ಷದ ಹತ್ತಿರ ಹತ್ತಿರ ಅವಳಿಗೇ ನಿಷ್ಠನಾಗಿದ್ದೆ ಎನ್ನುತ್ತಾನೆ. ಅವನ ಬೆನ್ನಿಗೆ ಅವಳು ಆಫ್ರಿಕದಿಂದ ಇಟಲಿಗೆ ಬಂದಳು. ಮಿಲಾನಿನಲ್ಲಿ ಅವನಿಗೆ ರಾಜಸಭೆಯ ವಾಗ್ಮಿಯ ಹುದ್ದೆ ಸಿಕ್ಕಿತು, ಮುಂದೆ ಪ್ರಾಂತ್ಯವೊಂದರ ಅಧಿಕಾರವೂ ಸಿಗಬಹುದಿತ್ತು, ಅದಕ್ಕೆ ಹಣವಂತರ ಮನೆಯ ಹೆಣ್ಣು ಬೇಕು. ತಾಯಿ ಮೋನಿಕಾ ಸಂಬಂಧ ಕುದುರಿಸಿದಳು. ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷ ಬೇಕಿತ್ತು; ರೋಮನ್ ಕಾನೂನಿನಲ್ಲಿ ಆ ವಯಸ್ಸು 12. ಮಗನ ತಾಯಿಯನ್ನು ಆಫ್ರಿಕಕ್ಕೆ ವಾಪಸು ಕಳಿಸಿದರು. ಇನ್ನೊಬ್ಬ ಗಂಡಸನ್ನು ಸೇರುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟು, ಮಗನನ್ನು ಬಿಟ್ಟು ಹೊರಟುಹೋದಳು. ಎದೆ ಸೀಳಿ ರಕ್ತ ಸುರಿಯಿತು ಎಂದು ಬರೆಯುತ್ತಾನೆ. ಮರು ಸಾಲಿನಲ್ಲೇ, ಎರಡು ವರ್ಷ ಕಾಯಲಾರದೆ ಇನ್ನೊಬ್ಬಳನ್ನು ಕೂಡಿಕೊಂಡೆ ಎಂದು ಒಪ್ಪಿಕೊಳ್ಳುತ್ತಾನೆ.

ಹೆಸರಿನ ವಿಷಯಕ್ಕೆ ಬಂದರೆ, ಅವನು ಬಹಳ ಜನರನ್ನು ಹೆಸರಿಸಿಲ್ಲ. ಪ್ರಾಣಕ್ಕೆ ಪ್ರಾಣವಾಗಿದ್ದ ಬಾಲ್ಯದ ಗೆಳೆಯನ ಹೆಸರೂ ಇಲ್ಲ. ಪುಸ್ತಕದುದ್ದಕ್ಕೂ ಕಾಣಿಸಿಕೊಳ್ಳುವ ತಾಯಿಯ ಹೆಸರು ಬರುವುದು ಒಂದೇ ಒಂದು ಸಲ, ಒಂಬತ್ತನೆಯ ಪುಸ್ತಕದ ಕೊನೆಯಲ್ಲಿ. ಮಗನನ್ನು ಹೆತ್ತ ಆ ಹೆಣ್ಣು ಆಗಿನ್ನೂ ಊರಿನಲ್ಲಿ ಬದುಕಿದ್ದಿರಬಹುದು, ಮರ್ಯಾದೆಗಾಗಿ ಮುಚ್ಚಿಟ್ಟ ಎಂದು ಕೆಲವರು ಅವನ ಪರ ವಾದಿಸುತ್ತಾರೆ. ಇರಬಹುದು. ಆದರೆ ಪೇರ್ ಹಣ್ಣಿನ ಮೇಲೆ ಪುಟಗಟ್ಟಲೆ ಯೋಚಿಸಿದವನು ಅವಳಿಗೆ ತಾನು ಮಾಡಿದ್ದರ ಬಗ್ಗೆ ಕೆಲವೇ ಸಾಲು ಬರೆದಿದ್ದಾನೆ, ಅದರಲ್ಲೂ ನೋವೆಲ್ಲ ತನ್ನದೇ. ಸಂತನೆಂಬ ಕಾರಣಕ್ಕೆ ಇದನ್ನು ತೇಲಿಸಿಬಿಡಬೇಕಿಲ್ಲ.

ಮಗ ಏನಾದ?

ತಂದೆಯೊಂದಿಗೇ ಜ್ಞಾನಸ್ನಾನ (ಕ್ರೈಸ್ತನಾಗುವ ದೀಕ್ಷೆ) ಪಡೆದ, ಆಗ ಅವನಿಗೆ ಸುಮಾರು ಹದಿನೈದು. ಅವನ ಬುದ್ಧಿಯ ಚುರುಕು ಕಂಡು ಭಯವಾಗುತ್ತಿತ್ತು ಎಂದು ಅಪ್ಪ ಬರೆಯುತ್ತಾನೆ. ಇಬ್ಬರ ನಡುವಿನ ಸಂವಾದವಾಗಿ ಒಂದು ಕಿರುಗ್ರಂಥವೇ ಇದೆ. ಅದರಲ್ಲಿ ಹುಡುಗನ ಬಾಯಲ್ಲಿ ಬರುವ ವಿಚಾರಗಳೆಲ್ಲ ನಿಜವಾಗಿ ಅವನವೇ ಎಂದು ಅಪ್ಪನೇ ಸಾಕ್ಷಿ ಹೇಳುತ್ತಾನೆ. ಆಫ್ರಿಕಕ್ಕೆ ಮರಳಿದ ಸ್ವಲ್ಪ ಕಾಲದಲ್ಲೇ ಹುಡುಗ ತೀರಿಕೊಂಡ.

ಮೋನಿಕಾ ಮಗನ ಬೆನ್ನು ಬಿಡದ ತಾಯಿಯಲ್ಲವೇ?

ಹೌದು, ಅವನಿಗೂ ಹಾಗೆಯೇ ಅನ್ನಿಸಿತ್ತು. 383ರಲ್ಲಿ ಕಾರ್ಥೇಜಿನಿಂದ ರೋಮಿಗೆ ಹೊರಟಾಗ ತಾಯಿ ದಡದವರೆಗೂ ಬಂದು ಹಿಡಿದುಕೊಂಡಳು: ಇಲ್ಲ ಊರಿಗೆ ವಾಪಸು ಬಾ, ಇಲ್ಲ ನನ್ನನ್ನೂ ಕರೆದುಕೊಂಡು ಹೋಗು. ಗೆಳೆಯನೊಬ್ಬನ ಹಡಗು ಬಿಡುವವರೆಗೆ ಜೊತೆಗಿದ್ದು ಬರುತ್ತೇನೆ ಎಂದು ಸುಳ್ಳು ಹೇಳಿ, ಆಕೆಯನ್ನು ಹತ್ತಿರದ ಸಂತ ಸಿಪ್ರಿಯನ್ನನ ಗುಡಿಯಲ್ಲಿ ರಾತ್ರಿ ಕಳೆಯಲು ಒಪ್ಪಿಸಿ, ಕತ್ತಲಲ್ಲಿ ಹಡಗು ಹತ್ತಿದ. ಬೆಳಗ್ಗೆ ಎದ್ದು ನೋಡಿದರೆ ಮಗನಿಲ್ಲ. ಎರಡು ವರ್ಷದೊಳಗೆ ಸಮುದ್ರ ದಾಟಿ ಮಿಲಾನಿಗೇ ಬಂದಳು.

ಅದಕ್ಕೂ ಮುಂಚೆ, ಮಗನಿಗೆ ಬುದ್ಧಿ ಹೇಳಿ ಎಂದು ಒಬ್ಬ ಬಿಷಪ್ಪನ ಬೆನ್ನು ಹತ್ತಿದ್ದಳು. ಆತ ಎಷ್ಟು ಹೇಳಿದರೂ ಬಿಡದೆ ಅತ್ತಾಗ ಬೇಸತ್ತು, ‘ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ’ ಎಂದುಬಿಟ್ಟ. ಕಿರಿಕಿರಿಯಿಂದ ಹೊರಬಿದ್ದ ಆ ಮಾತನ್ನು ಆಕೆ ಆಕಾಶವಾಣಿಯೆಂದೇ ತೆಗೆದುಕೊಂಡಳು.

ಆದರೆ ಮಗ ಕಟ್ಟಿಕೊಡುವ ತಾಯಿ ಬರೀ ಅಳುಬುರುಕಿಯಲ್ಲ. ಚಿಕ್ಕಂದಿನಲ್ಲಿ ಪೀಪಾಯಿಯಿಂದ ವೈನ್ ತರಲು ಕಳಿಸಿದಾಗ ಗುಟುಕು ಗುಟುಕು ಹೀರುತ್ತಾ ಲೋಟಗಟ್ಟಲೆ ಕುಡಿಯುವ ಚಟಕ್ಕೆ ಬಿದ್ದಿದ್ದಳು, ಕೆಲಸದ ಹುಡುಗಿಯೊಬ್ಬಳು ಜಗಳದಲ್ಲಿ ‘ಕುಡುಕಿ’ ಎಂದು ಹಂಗಿಸಿದ ಮೇಲೆ ಬಿಟ್ಟಳು ಎಂಬುದನ್ನೂ ಅವನು ಬರೆದಿದ್ದಾನೆ. 387ರಲ್ಲಿ ಊರಿಗೆ ಮರಳುವ ಹಡಗಿಗಾಗಿ ಕಾಯುತ್ತಿದ್ದಾಗ, ರೋಮಿನ ಬಂದರು ಓಸ್ತಿಯದಲ್ಲಿ ಜ್ವರ ಬಂದು 56ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಪರದೇಶದಲ್ಲಿ ಸಾಯಬಾರದಿತ್ತು ಎಂದು ಇನ್ನೊಬ್ಬ ಮಗ ನವಿಗಿಯಸ್ ಅಂದಾಗ, ‘ಈ ದೇಹವನ್ನು ಎಲ್ಲಾದರೂ ಹೂಳಿ, ದೇವರ ಪೀಠದ ಮುಂದೆ ನನ್ನನ್ನು ನೆನೆಯಿರಿ, ಅಷ್ಟು ಸಾಕು’ ಎಂದಳು. ಅಗಸ್ಟೀನ ಅಳು ನುಂಗಿಕೊಂಡ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆ ಎಂದು ಕೇಳಿದ್ದವನು ಸ್ನಾನ ಮಾಡಿ ಬಂದ. ‘ಸ್ನಾನಕ್ಕೆ ಮುಂಚೆ ಹೇಗಿದ್ದೆನೋ ಆಮೇಲೂ ಹಾಗೆಯೇ ಇದ್ದೆ.’ ಮಲಗಿ ಎದ್ದ ಮೇಲೆ ಒಂದು ಸ್ತೋತ್ರದ ಸಾಲುಗಳು ನೆನಪಾಗಿ, ಆಗ ಅತ್ತ. ತಾಯಿಗಾಗಿ ಒಂದಿಷ್ಟು ಹೊತ್ತು ಅತ್ತದ್ದನ್ನು ಪಾಪವೆನ್ನುವವರು ಎನ್ನಲಿ ಎಂದು ಓದುಗರತ್ತ ತಿರುಗಿ ಹೇಳುತ್ತಾನೆ. ಆಕೆಯ ಸಮಾಧಿಶಾಸನದ ಒಂದು ತುಂಡು 1945ರಲ್ಲಿ ಓಸ್ತಿಯದ ನೆಲದಲ್ಲಿ ಸಿಕ್ಕಿತು.

‘ನನಗೆ ಬ್ರಹ್ಮಚರ್ಯ ಕೊಡು, ಆದರೆ ಈಗಲೇ ಬೇಡ’ ಎಂದು ಅವನು ನಿಜವಾಗಿಯೂ ಹೇಳಿದ್ದಾನೆಯೇ?

ಹೇಳಿದ್ದಾನೆ, ಎಂಟನೆಯ ಪುಸ್ತಕದಲ್ಲಿ. ಹದಿಹರೆಯದಲ್ಲಿ ತಾನು ಮಾಡುತ್ತಿದ್ದ ಪ್ರಾರ್ಥನೆಯೆಂದು ನೆನೆಯುತ್ತಾನೆ. ಜೊತೆಗಿರುವ ವಿವರಣೆ ಇನ್ನೂ ಚೆಂದ: ನೀನು ಎಲ್ಲಿ ಬೇಗ ಕೇಳಿಸಿಕೊಂಡುಬಿಡುತ್ತೀಯೋ ಎಂಬ ಹೆದರಿಕೆ ನನಗೆ.

ಮಿಲಾನಿನ ತೋಟದಲ್ಲಿ ಕೇಳಿದ ಮಗುವಿನ ದನಿ ನಿಜವೇ?

386ರ ಆಗಸ್ಟ್ ತಿಂಗಳು. ಪೊಂಟಿಸಿಯಾನಸ್ ಎಂಬ ಪರಿಚಿತ ಮನೆಗೆ ಬಂದು, ಎಲ್ಲ ತೊರೆದು ಮರುಭೂಮಿ ಸೇರಿದ ಈಜಿಪ್ಟಿನ ಅಂತೋನಿಯ ಕತೆ ಹೇಳುತ್ತಾನೆ. ಅವನು ಹೋದ ಮೇಲೆ ಅಗಸ್ಟೀನ ಹಿತ್ತಲ ತೋಟಕ್ಕೆ ನುಗ್ಗುತ್ತಾನೆ, ಹಿಂದೆಯೇ ಅಲಿಪಿಯಸ್. ಕೂದಲು ಕಿತ್ತುಕೊಳ್ಳುತ್ತಾನೆ, ಹಣೆ ಬಡಿದುಕೊಳ್ಳುತ್ತಾನೆ, ಬೆರಳು ಹೆಣೆದು ಮಂಡಿ ತಬ್ಬಿಕೊಳ್ಳುತ್ತಾನೆ. ಅದರ ನಡುವೆಯೂ ಒಳಗಿನ ತತ್ತ್ವಶಾಸ್ತ್ರಿ ಎಚ್ಚರವಾಗಿದ್ದಾನೆ: ಮನಸ್ಸು ಕೈಗೆ ‘ಅಲುಗು’ ಎಂದರೆ ತಕ್ಷಣ ಅಲುಗುತ್ತದೆ, ಅದೇ ಮನಸ್ಸು ತನಗೆ ತಾನೇ ‘ಬಯಸು’ ಎಂದರೆ ಏಕೆ ಕೇಳುವುದಿಲ್ಲ? ಆಮೇಲೆ ಅಂಜೂರದ ಮರದಡಿ ಬಿದ್ದು ಅಳುವಾಗ ಪಕ್ಕದ ಮನೆಯಿಂದ ಹುಡುಗನದೋ ಹುಡುಗಿಯದೋ ಗೊತ್ತಾಗದ ದನಿ, ರಾಗವಾಗಿ, ‘ಎತ್ತಿಕೋ ಓದು, ಎತ್ತಿಕೋ ಓದು’. ಮಕ್ಕಳ ಆಟದಲ್ಲಿ ಇಂಥ ಹಾಡಿದೆಯೇ ಎಂದು ಯೋಚಿಸುತ್ತಾನೆ, ಕೇಳಿದ ನೆನಪಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರವನ್ನು ತೆರೆದರೆ 13ನೆಯ ಅಧ್ಯಾಯದ ಮಾತು ಕಣ್ಣಿಗೆ ಬೀಳುತ್ತದೆ: ದುಂದೌತಣ, ಕುಡಿತ, ಕಾಮವಿಲಾಸಗಳನ್ನು ಬಿಟ್ಟು ಯೇಸುಕ್ರಿಸ್ತನನ್ನು ಧರಿಸಿಕೊಳ್ಳಿ. ಅಷ್ಟೇ ಓದಿ ಮುಚ್ಚಿದ.

ನಿಜವೇ ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಫ್ರೆಂಚ್ ವಿದ್ವಾಂಸ ಪಿಯರ್ ಕುರ್ಸೆಲ್ 1950ರಲ್ಲಿ ಇದು ಸಾಹಿತ್ಯಿಕ ರಚನೆ ಎಂದು ವಾದಿಸಿ ದೊಡ್ಡ ಚರ್ಚೆ ಎಬ್ಬಿಸಿದ. ಘಟನೆಯ ಬೆನ್ನಿಗೇ ಬರೆದ ಸಂವಾದ ಗ್ರಂಥಗಳಲ್ಲಿ ಈ ದನಿಯ ಕತೆ ಇಲ್ಲ, ಅದು ಬರುವುದು ಹತ್ತು ವರ್ಷದ ನಂತರ ಇಲ್ಲಿ. ಮಾತಿನ ಮೇಷ್ಟರೊಬ್ಬ ತನ್ನ ಬದುಕಿನ ತಿರುವನ್ನು ಹೇಳುವಾಗ ಕಟ್ಟುಗಾರಿಕೆ ಇರಲಾರದು ಎಂದುಕೊಳ್ಳುವುದು ಕಷ್ಟ. ಹಾಗೆಂದು ಎಲ್ಲವೂ ಕಟ್ಟುಕತೆ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಮುಂದಿನ ವಿವರಗಳು ಪವಾಡ ಕಟ್ಟುವವನು ಸೇರಿಸುವಂಥವಲ್ಲ. ದೇವರ ಕರೆ ಬಂದರೂ ಕೆಲಸವನ್ನು ಅಂದೇ ಬಿಡಲಿಲ್ಲ. ದ್ರಾಕ್ಷಿ ಕೊಯ್ಲಿನ ರಜೆಗೆ ಇನ್ನು ಸ್ವಲ್ಪ ದಿನ ಬಾಕಿ, ಅಲ್ಲಿಯವರೆಗೆ ಪಾಠ ಮಾಡಿ ಸದ್ದಿಲ್ಲದೆ ಹೊರಬಂದ. ಎದೆನೋವು, ಉಸಿರಾಟದ ತೊಂದರೆ ನೆಪಕ್ಕೆ ಒದಗಿತು. ಆಮೇಲೆ ಗೆಳೆಯನ ಹಳ್ಳಿಮನೆಯಲ್ಲಿದ್ದಾಗ ಹಲ್ಲುನೋವು ಬಂದು ಮಾತೇ ಆಡಲಾಗದೆ, ನನಗಾಗಿ ಪ್ರಾರ್ಥಿಸಿ ಎಂದು ಮೇಣದ ಹಲಗೆಯ ಮೇಲೆ ಬರೆದು ತೋರಿಸಿದ. 387ರ ಈಸ್ಟರ್ ಜಾಗರಣೆಯಂದು ಮಿಲಾನಿನ ಬಿಷಪ್ ಅಂಬ್ರೋಸನಿಂದ ಜ್ಞಾನಸ್ನಾನವಾಯಿತು.

ಅಂಬ್ರೋಸ್ ಬಾಯಿ ತೆರೆಯದೆ ಓದುತ್ತಿದ್ದನಂತೆ. ಆಗ ಯಾರೂ ಮನಸ್ಸಿನಲ್ಲೇ ಓದುತ್ತಿರಲಿಲ್ಲವೇ?

ಈ ಪ್ರಸಂಗದಿಂದಲೇ ಹುಟ್ಟಿದ ನಂಬಿಕೆಯದು. ಅಂಬ್ರೋಸನ ಬಾಗಿಲು ಎಲ್ಲರಿಗೂ ತೆರೆದಿತ್ತು, ಹೋದವರು ಅವನು ಓದುವುದನ್ನು ನೋಡುತ್ತಾ ಸುಮ್ಮನೆ ಕುಳಿತು ಎದ್ದು ಬರುತ್ತಿದ್ದರು. ಕಣ್ಣು ಪುಟದ ಮೇಲೆ ಸಾಗುತ್ತಿತ್ತು, ನಾಲಿಗೆ ಅಲುಗುತ್ತಿರಲಿಲ್ಲ. ಗಂಟಲು ಉಳಿಸಿಕೊಳ್ಳಲೋ, ಕೇಳಿಸಿಕೊಂಡವರು ಅರ್ಥ ಕೇಳಿ ಹೊತ್ತು ಹಾಳುಮಾಡುತ್ತಾರೆಂದೋ ಎಂದು ಅಗಸ್ಟೀನ ಊಹಿಸುತ್ತಾನೆ. ಆದರೆ ಪುರಾತನರಿಗೆ ಮೌನವಾಗಿ ಓದುವುದು ಗೊತ್ತೇ ಇರಲಿಲ್ಲ ಎಂಬುದನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ತೋಟದಲ್ಲಿ ಪೌಲನ ಪತ್ರ ತೆರೆದಾಗ ಅಗಸ್ಟೀನನೇ ‘ಮೌನವಾಗಿ ಓದಿದೆ’ ಎನ್ನುತ್ತಾನಲ್ಲ!

ಒಂಬತ್ತನೆಯ ಪುಸ್ತಕಕ್ಕೆ ಕತೆ ಮುಗಿಯುತ್ತದೆ. ಉಳಿದದ್ದನ್ನು ಬಿಡಬಹುದೇ?

ಹತ್ತನ್ನು ಬಿಡಬೇಡಿ. ಹನ್ನೊಂದನ್ನು ಬಿಟ್ಟರೆ ನಷ್ಟ. ಹನ್ನೆರಡು, ಹದಿಮೂರನ್ನು ಮೊದಲ ಓದಿನಲ್ಲಿ ಬಿಟ್ಟರೆ ನಾನೇನೂ ಅನ್ನುವುದಿಲ್ಲ.

ಹತ್ತರಲ್ಲಿ ಬಿಷಪ್ ತನ್ನನ್ನು ತಾನೇ ತಪಾಸಣೆಗೆ ಒಡ್ಡಿಕೊಳ್ಳುತ್ತಾನೆ. ನೆನಪೆಂಬುದು ಎಂಥ ವಿಸ್ತಾರವಾದ ಅರಮನೆ, ಅಲ್ಲಿ ಕರೆದಾಗ ಕೆಲವು ಓಡಿಬರುತ್ತವೆ, ಕೆಲವು ಗುಂಪಾಗಿ ನುಗ್ಗುತ್ತವೆ, ಮರೆವನ್ನೂ ನೆನಪಿಟ್ಟುಕೊಂಡಿದ್ದೇನಲ್ಲ ಅದು ಹೇಗೆ ಎಂದು ಶುರುವಾಗಿ, ಈಗಲೂ ತನ್ನನ್ನು ಕಾಡುವ ಸೆಳೆತಗಳ ಪಟ್ಟಿಗೆ ಬರುತ್ತದೆ. ಹಳೆಯ ಚಿತ್ರಗಳು ಕನಸಿನಲ್ಲಿ ಬರುತ್ತವೆ. ಊಟ ಔಷಧಿಯಂತಿರಬೇಕು, ಆದರೆ ಆರೋಗ್ಯಕ್ಕೆ ಸಾಕಾದದ್ದು ನಾಲಿಗೆಗೆ ಸಾಲದು. ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತಾ ಕುಳಿತುಬಿಡುತ್ತೇನೆ. ಹೊಗಳಿಕೆ ಹಿತವೆನಿಸುತ್ತದೆ, ಹೊಗಳಿಕೆಯನ್ನು ತಿರಸ್ಕರಿಸಿದೆನೆಂಬ ಹೆಮ್ಮೆ ಅದಕ್ಕಿಂತ ಹಿತ. ಚರ್ಚಿನ ಗಾಯನದಲ್ಲಿ ಹಾಡಿದ ಮಾತಿಗಿಂತ ಹಾಡಿದ ದನಿಯೇ ನನ್ನನ್ನು ಕರಗಿಸಿದರೆ ಅದು ತಪ್ಪೇ? ದಾಸರ ಪದದ ಕಚೇರಿಯಲ್ಲಿ ಕಣ್ಣು ಒದ್ದೆಯಾದದ್ದು ಸಾಹಿತ್ಯಕ್ಕೋ ರಾಗಕ್ಕೋ ಎಂದು ಅನುಮಾನಪಟ್ಟವರಿಗೆ ಈ ಪುಟಗಳು ಹತ್ತಿರವಾಗುತ್ತವೆ. ಜ್ಞಾನಸ್ನಾನವಾಗಿ ಹತ್ತು ವರ್ಷದ ಮೇಲೆ, ಪೀಠದಲ್ಲಿ ಕುಳಿತ ಬಿಷಪ್ ‘ನಾನಿನ್ನೂ ರೋಗಿ’ ಎಂದು ಬರೆದು ಊರಿಗೆಲ್ಲ ಓದಲು ಕೊಡುವುದು ಆಗ ಹೊಸತು. ಈಗಲೂ ಅಪರೂಪವೇ.

ಕಾಲದ ಬಗ್ಗೆ ಏನು ಹೇಳುತ್ತಾನೆ?

‘ಯಾರೂ ಕೇಳದಿದ್ದರೆ ನನಗೆ ಗೊತ್ತು, ಕೇಳಿದವರಿಗೆ ವಿವರಿಸಹೊರಟರೆ ಗೊತ್ತಿಲ್ಲ’ ಎಂಬ ಪ್ರಸಿದ್ಧ ಮಾತು ಹನ್ನೊಂದನೆಯ ಪುಸ್ತಕದ್ದು. ಹಿಂದಿನದು ಈಗಿಲ್ಲ, ಮುಂದಿನದು ಇನ್ನೂ ಇಲ್ಲ, ಈಗಿನದಕ್ಕೆ ಅಗಲವೇ ಇಲ್ಲ. ಹಾಗಾದರೆ ‘ದೀರ್ಘ ಕಾಲ’ ಎನ್ನುತ್ತೇವಲ್ಲ, ಅಳೆಯುವುದು ಯಾವುದನ್ನು? ಅವನ ಉತ್ತರ: ಅಳೆಯುವುದು ಮನಸ್ಸಿನಲ್ಲಿ. ಹಿಂದಿನದರ ವರ್ತಮಾನ ನೆನಪು, ಇಂದಿನದರ ವರ್ತಮಾನ ಗಮನ, ಮುಂದಿನದರ ವರ್ತಮಾನ ನಿರೀಕ್ಷೆ. ಬಾಯಿಪಾಠವಾದ ಕೀರ್ತನೆಯೊಂದನ್ನು ಹೇಳತೊಡಗಿದಾಗ ಇಡೀ ಕೀರ್ತನೆ ನಿರೀಕ್ಷೆಯಲ್ಲಿರುತ್ತದೆ. ಹೇಳುತ್ತಾ ಹೋದಂತೆ ಒಂದೊಂದೇ ಪದ ನಿರೀಕ್ಷೆಯಿಂದ ನೆನಪಿಗೆ ದಾಟುತ್ತದೆ.

ಲೋಕವನ್ನು ಸೃಷ್ಟಿಸುವ ಮುಂಚೆ ದೇವರು ಏನು ಮಾಡುತ್ತಿದ್ದ ಎಂದು ಕೇಳುವವರಿಗೆ, ‘ಇಂಥ ಪ್ರಶ್ನೆ ಕೇಳುವವರಿಗಾಗಿ ನರಕ ಸಿದ್ಧಪಡಿಸುತ್ತಿದ್ದ’ ಎಂದು ಯಾರೋ ಹಾಸ್ಯ ಮಾಡಿದ್ದರಂತೆ. ಇದು ಅಗಸ್ಟೀನನ ಉತ್ತರವೆಂದೇ ಹಲವರು ಹೇಳುತ್ತಾರೆ. ಅವನು ಹೇಳುವುದು ತದ್ವಿರುದ್ಧ: ಆಳವಾದ ಪ್ರಶ್ನೆ ಕೇಳಿದವನನ್ನು ಗೇಲಿ ಮಾಡುವುದಕ್ಕಿಂತ ಗೊತ್ತಿಲ್ಲ ಎನ್ನುವುದು ಮೇಲು.

ಕೃತಿ ಬಂದಾಗ ಜನ ಏನೆಂದರು?

ಮೆಚ್ಚಿದವರು ಬಹಳ. ತನ್ನ ಕೃತಿಗಳಲ್ಲಿ ಇದರಷ್ಟು ಜನರಿಗೆ ಇಷ್ಟವಾದದ್ದು ಬೇರೆ ಯಾವುದಿದೆ ಎಂದು ಮುದಿವಯಸ್ಸಿನಲ್ಲಿ ಅವನೇ ಕೇಳುತ್ತಾನೆ. ಸಿಡುಕಿದವರೂ ಇದ್ದರು. ‘ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು’ ಎಂಬ ಸಾಲನ್ನು ರೋಮಿನಲ್ಲಿ ಯಾರೋ ಓದಿದಾಗ ಪೆಲಾಗಿಯಸ್ ಎಂಬ ಕ್ರೈಸ್ತ ಬೋಧಕ ಕೆರಳಿದ. ಎಲ್ಲ ದೇವರೇ ಕೊಡಬೇಕಾದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯೇನು ಎಂಬುದು ಅವನ ತಕರಾರು. ಆ ಜಗಳ ಬೆಳೆದು ಜನ್ಮಪಾಪ, ದೇವಕೃಪೆ, ಶಿಶುಗಳ ಜ್ಞಾನಸ್ನಾನದವರೆಗೆ ಹಬ್ಬಿ ಅಗಸ್ಟೀನನ ಕೊನೆಯ ವರ್ಷಗಳನ್ನೆಲ್ಲ ತಿಂದುಹಾಕಿತು. ಎಕ್ಲಾನದ ಜೂಲಿಯನ್ ಎಂಬ ಬಿಷಪ್ಪನಂತೂ ಇವನು ಒಳಗೊಳಗೆ ಇನ್ನೂ ಮಾನಿಯ ಶಿಷ್ಯನೇ ಎಂದ. ಶರೀರ ಮತ್ತು ಕಾಮದ ಬಗ್ಗೆ ಪಾಶ್ಚಾತ್ಯ ಕ್ರೈಸ್ತರಲ್ಲಿ ಬೇರೂರಿದ ಅಳುಕಿನಲ್ಲಿ ಅಗಸ್ಟೀನನ ಪಾಲು ದೊಡ್ಡದು. ಆದರೆ ಅದು ಹೆಚ್ಚಾಗಿ ಆ ನಂತರದ ಬರಹಗಳಿಂದ ಬಂದದ್ದು. ಎಲ್ಲವನ್ನೂ ಈ ಪುಸ್ತಕದ ತಲೆಗೆ ಕಟ್ಟುವುದು ಸರಿಯಲ್ಲ.

426ರ ಸುಮಾರಿಗೆ ತನ್ನ ಕೃತಿಗಳನ್ನೆಲ್ಲ ಒಂದೊಂದಾಗಿ ಮರುಓದಿ ತಿದ್ದುಪಡಿ ಬರೆದಾಗ, ಇದನ್ನು ಓದಿದರೆ ಈಗಲೂ ಮನಸ್ಸು ಕಲಕುತ್ತದೆ ಎಂದ. ಒಂದು ಸಾಲು ಮಾತ್ರ ಹಿಡಿಸಲಿಲ್ಲ. ಗೆಳೆಯ ಸತ್ತಾಗ, ನಾನೂ ಸತ್ತರೆ ಅವನು ಪೂರ್ತಿಯಾಗಿ ಸತ್ತುಹೋಗುತ್ತಾನೆ ಎಂದು ಸಾಯಲು ಹೆದರಿದೆ ಎಂದು ಬರೆದಿದ್ದನಲ್ಲ, ಅದು ಹಗುರವಾದ ಭಾಷಣಗಾರಿಕೆಯಾಯಿತು ಎಂದ. ಓದುಗರು ಹೆಚ್ಚು ನೆನಪಿಟ್ಟುಕೊಂಡ ಸಾಲುಗಳಲ್ಲಿ ಅದೂ ಒಂದು.

ಮುಂದೆ ಯಾರ ಮೇಲೆ ಪ್ರಭಾವ ಬೀರಿತು? ನಮ್ಮ ಕಡೆಗೇನಾದರೂ ನಂಟಿದೆಯೇ?

ಇಟಲಿಯ ಕವಿ ಪೆಟ್ರಾರ್ಕ್ 1336ರಲ್ಲಿ ವೆಂಟೂ ಬೆಟ್ಟ ಹತ್ತಿದಾಗ ಜೇಬಿನಲ್ಲಿದ್ದ ಇದರ ಪುಟ್ಟ ಪ್ರತಿಯನ್ನು ತೆರೆದೆನೆಂದೂ, ಜನ ಬೆಟ್ಟಗಳನ್ನು ಬೆರಗಿನಿಂದ ನೋಡುತ್ತಾರೆ, ತಮ್ಮನ್ನು ಮಾತ್ರ ನೋಡಿಕೊಳ್ಳುವುದಿಲ್ಲ ಎಂಬ ಸಾಲು ಸಿಕ್ಕಿತೆಂದೂ ಪತ್ರದಲ್ಲಿ ಬರೆದಿದ್ದಾನೆ. 16ನೆಯ ಶತಮಾನದ ಸ್ಪೇನಿನ ಸಂತಳು ಆವಿಲದ ತೆರೇಸ ಓದಿ ಅತ್ತಳು. ರೂಸೋ ಇದರ ಹೆಸರನ್ನೇ ತನ್ನ ಆತ್ಮಕತೆಗೆ ಇಟ್ಟ, ಆದರೆ ದೇವರ ಜಾಗದಲ್ಲಿ ಓದುಗರನ್ನು ಕೂರಿಸಿದ.

ನಮ್ಮ ಕಡೆಗೆ ಬಂದದ್ದು ಪುಸ್ತಕಕ್ಕಿಂತ ಮುಂಚೆ ಹೆಸರು. ಅಗಸ್ಟೀನನ ನಿಯಮಾವಳಿಯನ್ನು ಅನುಸರಿಸುವ ಸಂಘದ ಸಂನ್ಯಾಸಿಗಳು 1572ರಲ್ಲಿ ಗೋವಾಕ್ಕೆ ಬಂದರು. ಹಳೆ ಗೋವಾಕ್ಕೆ ಹೋದ ಕನ್ನಡಿಗರು ಕೆಂಪು ಜಂಬಿಟ್ಟಿಗೆಯ ಮುರುಕಲು ಗೋಪುರವೊಂದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅದು ಅವರ ಚರ್ಚಿನದು. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೆಯ ಲಿಯೊ ಅದೇ ಸಂಘದವರು. ಬಾಲ್ಕನಿಯಿಂದ ಮಾಡಿದ ಮೊದಲ ಭಾಷಣದಲ್ಲೇ ತಾವು ಸಂತ ಅಗಸ್ಟೀನರ ಮಗ ಎಂದರು. ಕ್ಯಾಥೊಲಿಕರ ಪಂಚಾಂಗದಲ್ಲಿ ಆಗಸ್ಟ್ 27 ಮೋನಿಕಾಳ ಹಬ್ಬ, 28 ಮಗನದು. ವ್ಯಾಂಡಲರೆಂಬ ಜರ್ಮನಿಕ್ ಬುಡಕಟ್ಟಿನವರು ಹಿಪ್ಪೊವನ್ನು ಮುತ್ತಿಗೆ ಹಾಕಿದ್ದಾಗ, 430ರಲ್ಲಿ ಅವನು ತೀರಿಕೊಂಡ ದಿನವದು.

ಎಲ್ಲಿಂದ ಓದಲು ಶುರು ಮಾಡಲಿ?

ಮೊದಲಿನಿಂದಲೇ. ಆದರೆ ಮೊದಲ ಪುಸ್ತಕದ ಮೊದಲ ಐದು ಪುಟ್ಟ ಅಧ್ಯಾಯಗಳ ಸ್ತುತಿಯಲ್ಲಿ ಸಿಕ್ಕಿಕೊಂಡರೆ ಸಂಕೋಚವಿಲ್ಲದೆ ಆರನೆಯದಕ್ಕೆ ಹಾರಿ, ಅಲ್ಲಿಂದ ಶೈಶವ ಶುರು. ಇನ್ನೂ ಮಾತು ಬಾರದ ಕೂಸೊಂದು ತನ್ನ ಜೊತೆ ಹಾಲು ಕುಡಿಯುವ ಇನ್ನೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡು ದುರುಗುಟ್ಟಿ ನೋಡುತ್ತಿದ್ದುದನ್ನು ಕಂಡಿದ್ದೇನೆ ಎನ್ನುವ ಸಾಲಿಗೆ ಬಂದರೆ ಮುಂದಿನದು ತಾನಾಗಿ ಓದಿಸಿಕೊಳ್ಳುತ್ತದೆ. ನಾಲ್ಕನೆಯ ಪುಸ್ತಕದ ಗೆಳೆಯನ ಸಾವು, ಆರನೆಯದರ ಕುಡುಕ ಭಿಕ್ಷುಕನ ಪ್ರಸಂಗಗಳನ್ನು ಅವಸರವಿಲ್ಲದೆ ಓದಿ. ಚಕ್ರವರ್ತಿಯನ್ನು ಹೊಗಳುವ ಸುಳ್ಳಿನ ಭಾಷಣದ ಚಿಂತೆಯಲ್ಲಿ ಮಿಲಾನಿನ ಬೀದಿಯಲ್ಲಿ ಹೋಗುತ್ತಿದ್ದವನಿಗೆ, ನಾಲ್ಕು ಕಾಸಿನ ಹೆಂಡ ಕುಡಿದು ನಗುತ್ತಿದ್ದ ಭಿಕ್ಷುಕ ಸಿಗುತ್ತಾನೆ. ಸಂತೋಷವೇ ಗುರಿಯಾದರೆ ಇವನು ನನಗಿಂತ ಮುಂದಿದ್ದಾನಲ್ಲ ಎಂದು ಗೆಳೆಯರಿಗೆ ಹೇಳುತ್ತಾನೆ. ಎಂಟನೆಯದನ್ನು ಒಂದೇ ಕೂರಿಕೆಯಲ್ಲಿ ಮುಗಿಸಬೇಕು, ನಡುವೆ ಬಿಟ್ಟರೆ ಬಿಸಿ ಆರುತ್ತದೆ.

ಇಂಗ್ಲಿಷಿನಲ್ಲಿ ಓದುವವರು ಅನುವಾದ ಆರಿಸುವಾಗ ಒಂದು ಪುಟ ಓದಿ ನೋಡಿದ ಮೇಲೆ ಕೊಳ್ಳಿ. ಹಳೆಯ ಅನುವಾದಗಳು ಪುಕ್ಕಟೆಯಾಗಿ ಸಿಗುತ್ತವೆ, ಆದರೆ ಅವುಗಳ ಭಾಷೆ ಹಳೆಯ ಬೈಬಲಿನಂತೆ ಬಿಗಿದುಕೊಂಡಿದೆ. ಅಗಸ್ಟೀನನ ವೇಗ, ವ್ಯಂಗ್ಯ ಎರಡೂ ಅಲ್ಲಿ ಮಂಕಾಗುತ್ತವೆ. ಯಾವ ಅನುವಾದವಾದರೂ ಪುಸ್ತಕ, ಅಧ್ಯಾಯ, ಪರಿಚ್ಛೇದಗಳ ಸಂಖ್ಯೆ ಒಂದೇ ಇರುತ್ತದೆ: 8.12.29 ಎಂದರೆ ತೋಟದ ದನಿ. ಕೈಗೆಟಕುವಲ್ಲಿ ಕನ್ನಡ ಬೈಬಲಿನ ಕೀರ್ತನೆಗಳಿರಲಿ, ಪುಟಕ್ಕೆ ನಾಲ್ಕಾರು ಸಲ ಬೇಕಾಗುತ್ತದೆ.